ಒಳಕೋಣೆಯಲ್ಲಿ ಮೀರಿಹೋದ ಅವಧಿ

ಹೋದ ವಾರ ಅಕ್ಕಿಆಲೂರಿನ ಸಂತೆಯಲ್ಲಿ ಶಾಂತವ್ವ ಗೋಣಿಚೀಲದ ಕಟ್ಟು ಬಿಚ್ಚಿದಾಗ ಎಲೆಯ ವಾಸನೆ ಒಮ್ಮೆಲೇ ಮೇಲೆದ್ದಿತು. ಮಳೆಯಲ್ಲಿ ಕೊಯ್ದ ವೀಳ್ಯದೆಲೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಒದ್ದೆ ಗೋಣಿಯೊಳಗೆ ಒಂದು ಹಗಲು ಬಿಟ್ಟರೆ ಬರುವ ವಾಸನೆ ಅದು. ಅದರಲ್ಲಿ ಎಲೆಯ ಖಾರ ಇರುತ್ತದೆ, ನೀರು ನಿಂತ ತೋಟದ ಮಣ್ಣೂ ಸ್ವಲ್ಪ ಇರುತ್ತದೆ. ಒಂದು ಇಡೀ ಮಳೆಗಾಲ ನಾನು ಆ ವಾಸನೆಯ ನಡುವೆ ಕುಳಿತಿದ್ದೆ, ಸವಣೂರಿನ ನಮ್ಮ ಮನೆಯ ಒಳಕೋಣೆಯಲ್ಲಿ, ಬಾಗಿಲಿಗೆ ಪರದೆ ಕಟ್ಟಿಕೊಂಡು. ಆ ಮಳೆಗಾಲದಲ್ಲಿ ನಡೆದದ್ದನ್ನು ಮತ್ತು ಅದರಿಂದ ಮುಂದೆ ಆದದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ನಾನು ಕಣ್ಣಾರೆ ಕಾಣದ್ದನ್ನು ಕಂಡಿಲ್ಲ ಎಂದೇ ಬರೆಯುತ್ತೇನೆ.

ನಮ್ಮ ಎಲೆತೋಟ ಊರ ಹೊರಗಿದೆ. ಮಾವನವರ ಕಾಲಕ್ಕೆ ಅದು ದೊಡ್ಡ ಒಂದೇ ತೋಟ. ಅವರೂ ಅವರ ತಮ್ಮನೂ ಹಂಚಿಕೊಂಡಾಗ ಬಾವಿ ತಮ್ಮನ ಪಾಲಿಗೆ ಹೋಯಿತು, ನೀರು ಮಾತ್ರ ಇಬ್ಬರಿಗೂ ಎಂದು ಮಾತಾಯಿತು. ನಡುವಿನ ಬದುವಿನ ಮೇಲೆ ಬಾವಿಗೆ ಹೋಗುವ ಕಾಲುದಾರಿ ಇತ್ತು. ಕರೆಂಟು ಬಂದ ಹೊತ್ತಿಗೆ ನನ್ನ ಗಂಡ ಖಾದರಸಾಬರು ಆ ಬದುವಿನ ಮೇಲೆ ಓಡಿಹೋಗಿ ಮೋಟರು ಹಾಕುತ್ತಿದ್ದರು. ತಮ್ಮನ ಮಗ ಇಮಾಮ ದೊಡ್ಡವನಾದ ಮೇಲೆ ಬದುವಿನ ಅಂಚಿಗೂ ಚೊಗಚಿ ಗಿಡ ಹಚ್ಚಿ ಬಳ್ಳಿ ಹಬ್ಬಿಸಬೇಕೆಂದ. ಮಾತಿಗೆ ಮಾತು ಬೆಳೆಯಿತು. ಒಂದು ಬೆಳಿಗ್ಗೆ ಹೋದರೆ ದಾರಿಗೆ ಅಡ್ಡವಾಗಿ ಜಾಲಿಮುಳ್ಳಿನ ಬೇಲಿ. ದಾರಿ ಬಿಡಿಸಿಕೊಡಿ ಎಂದು ನಾವಿಬ್ಬರೂ, ಗಂಡ ಹೆಂಡತಿ, ಕೋರ್ಟಿನಲ್ಲಿ ದಾವೆ ಹಾಕಿದೆವು.

ತೋಟದ ಪಡುವಣ ಅಂಚಿನಲ್ಲಿ ಬೇವಿನ ಮರದ ಕೆಳಗೆ ನಮ್ಮ ಹಿರಿಯರ ಗೋರಿಗಳಿವೆ. ಮಾವನವರದು, ಇಮಾಮನ ತಂದೆಯದು, ಅವರಿಗಿಂತ ಹಿಂದಿನವರದು. ಗೋರಿಗಳ ಸಾಲಿಗೂ ತೋಟದ ಹೊರಬೇಲಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗವಿದೆ. ಅಲ್ಲಿಂದಲೂ ಬಾವಿ ಮುಟ್ಟಬಹುದು. ಆದರೆ ಅಲ್ಲಿ ಯಾರೂ ನಡೆಯುವುದಿಲ್ಲ. ಗುರುವಾರ ಹೂವು ಹಾಕಲು ಗಂಡಸರು ಚಪ್ಪಲಿ ಬಿಟ್ಟು ಹೋಗುತ್ತಾರೆ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಪೈಪು ಹೊತ್ತು, ಬುಟ್ಟಿ ಹೊತ್ತು ಆ ಕಡೆ ಕಾಲಿಟ್ಟವರನ್ನು ನಾನು ನೋಡಿಲ್ಲ. ಇಮಾಮನೂ ಇಟ್ಟವನಲ್ಲ.

ಸಾಕ್ಷಿ ಕಟ್ಟೆಯಲ್ಲಿ ಇಮಾಮನ ವಕೀಲರು ನಮ್ಮವರನ್ನು ಕೇಳಿದರು, ಬಾವಿಗೆ ಹೋಗಲು ಬೇರೆ ದಾರಿ ಇದೆಯೋ ಇಲ್ಲವೋ ಎಂದು. ಇವರು "ಇಲ್ರಿ" ಎಂದರು. ಕೋರ್ಟಿನಿಂದ ಜಾಗ ನೋಡಲು ಬಂದವರು ತಯಾರಿಸಿದ ನಕ್ಷೆಯಲ್ಲಿ ಪಡುವಣ ಅಂಚಿನ ಆ ಜಾಗ ಇತ್ತು, ದಾರಿ ಎಂದೇ ಇತ್ತು. ನಕ್ಷೆಯಲ್ಲಿ ಗೋರಿಗಳನ್ನು ಯಾಕೆ ಗುರುತಿಸಲಿಲ್ಲವೋ ನನಗೆ ಗೊತ್ತಿಲ್ಲ. ಆಗ ಸುತ್ತ ಕಸ ಬೆಳೆದಿತ್ತು, ಗೊತ್ತಿಲ್ಲದವರಿಗೆ ಕಾಣದೇ ಇರಬಹುದು. ಮತ್ತೆ ಕೇಳಿದಾಗ ಇವರು "ಅದು ದಾರಿ ಅಲ್ರಿ" ಎಂದಷ್ಟೇ ಹೇಳಿದರು. ಯಾಕೆ ಅಲ್ಲ ಎಂದು ಬಿಡಿಸಿ ಹೇಳಲಿಲ್ಲ. ಗೋರಿಯ ಮಗ್ಗುಲಲ್ಲಿ ತುಳಿದಾಡುವುದಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನನಗೂ ಹೊಳೆಯಲಿಲ್ಲ.

ತೀರ್ಪು ಕನ್ನಡದಲ್ಲಿತ್ತು. ಇಂಗ್ಲಿಷಿನಲ್ಲಿದ್ದಿದ್ದರೆ ವಕೀಲರು ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತಿದ್ದರೋ ಏನೋ. ದಾವೆ ವಜಾ ಎಂಬುದು ಒಂದು. ಅದರ ಕೆಳಗೆ, ಬೇರೆ ದಾರಿ ಇರುವುದನ್ನು ವಾದಿಗಳು ತಿಳಿದೂ ಮುಚ್ಚಿಟ್ಟಿದ್ದಾರೆ, ಇದು ಸುಳ್ಳು ದಾವೆ, ಪ್ರತಿವಾದಿಗೆ ತೊಂದರೆ ಕೊಡಲೆಂದೇ ಹೂಡಿದ್ದು, ಆದ್ದರಿಂದ ಅವನಿಗೆ ಪರಿಹಾರದ ಖರ್ಚನ್ನು ವಾದಿಗಳು ಕೊಡತಕ್ಕದ್ದು ಎಂಬುದು ಇನ್ನೊಂದು. ಕೊಡಬೇಕಾದದ್ದು ದೊಡ್ಡ ಮೊತ್ತವೇನಲ್ಲ. ಇವರು ಮನೆಗೆ ಬಂದು ಕಾಗದವನ್ನು ಗಿಳಿಗೂಟಕ್ಕೆ ಸಿಕ್ಕಿಸಿ ಕುಳಿತರು. ಆರಿದ್ರಾ ಮಳೆ ಹಿಡಿದಿತ್ತು.

"ದಾರಿ ಹೋತು, ಹೋಗ್ಲಿ ಜೈತೂನ. ಕಟಗೊಂಡ ಹೋಗೂದೇನೈತಿ. ಆದ್ರ ನಾ ಸುಳ್ಳಾ ಹೇಳೇನಿ ಅಂದ್ರಲ್ಲ."

"ನೀವು ಹೇಳಿಲ್ಲ, ನನಗ ಗೊತ್ತೈತಿ."

"ನಿನಗ ಗೊತ್ತಿದ್ರ ಏನಾತು? ಬರದವ್ರಿಗೆ ಗೊತ್ತಾಗಬೇಕಲ್ಲ."

ಆ ವಾರವೇ, ನಸುಕಿನ ನಮಾಜಿಗೆ ಕೈಕಾಲು ತೊಳೆಯಲು ಹೋದವರು ಬಚ್ಚಲ ಕಟ್ಟೆಯ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ಡಾಕ್ಟರು ಹೃದಯ ಎಂದರು. ಅವರಿಗೆ ಮೊದಲಿನಿಂದ ರಕ್ತದೊತ್ತಡ ಇತ್ತು, ಗುಳಿಗೆ ತಪ್ಪಿಸುತ್ತಿದ್ದರು. ಆ ಸಾವನ್ನು ನಾನು ತೀರ್ಪಿನ ಮೇಲೆ ಹೊರಿಸುವುದಿಲ್ಲ. ಆದರೆ ಆ ಮಾತನ್ನು ಹೊತ್ತುಕೊಂಡೇ ಹೋದರು, ಅದು ನಿಜ.

ಜನಾಜಾ ತೋಟಕ್ಕೆ ಹೋಗುವಾಗ ಹೆಂಗಸರು ಹೋಗುವುದಿಲ್ಲ, ಹಾಗಾಗಿ ಮುಂದಿನದನ್ನು ನಾನು ನೋಡಿಲ್ಲ. ರಸ್ತೆಯ ಮೇಲೆ ನಿಂತಿದ್ದ ಶಾಂತವ್ವ ಹೇಳಿದ್ದು ಇದು. ಅವಳು ನಮ್ಮ ತೋಟದ ಎಲೆ ಕೊಂಡು ಸಂತೆಗಳಲ್ಲಿ ಮಾರುವವಳು, ನಮ್ಮ ಓಣಿಯವಳೇ. ಗೋರಿಗಳ ಕಡೆ ಜನಾಜಾ ಹಿಡಿಯುವಷ್ಟು ಅಗಲದ ದಾರಿ ಬದುವಿನ ಮೇಲಿನದೊಂದೇ; ಹೆಗಲು ಕೊಟ್ಟವರು ಅದರ ಬುಡಕ್ಕೆ ಬಂದಾಗ ಮುಳ್ಳು ಅಡ್ಡ ಇತ್ತಂತೆ. ಎಲ್ಲರೂ ನಿಂತರಂತೆ. ಇಮಾಮ ಮುಂದೆ ಹೋಗಿ ಬರಿಗೈಯಿಂದ ಜಾಲಿಮುಳ್ಳು ಎಳೆದು ಎಳೆದು ಬದಿಗೆ ಹಾಕಿದನಂತೆ, ಅಂಗೈಯೆಲ್ಲ ರಕ್ತವಂತೆ. ತನ್ನ ತಂದೆಯ ಹತ್ತಿರವೇ ಇವರಿಗೂ ಜಾಗ ತೋರಿಸಿದನಂತೆ. ಆ ಮುಳ್ಳನ್ನು ಅವನು ಮತ್ತೆ ಹಾಕಲಿಲ್ಲ.

ಇಮಾಮನ ತಾಯಿ, ನಾವು ಚಚ್ಚಿ ಎನ್ನುವ ಹಿರಿಯಳು, ಅಂದೇ ಬಂದು ನನ್ನನ್ನು ಇದ್ದತ್ತಿಗೆ ಕೂರಿಸಿದಳು. ಗಂಡ ತೀರಿದ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇರಬೇಕು. ಅಗತ್ಯಕ್ಕೆ ಹೊರಗೆ ಹೋಗಬಹುದು ಎನ್ನುವವರೂ ಇದ್ದಾರೆ. ನಮ್ಮ ಮನೆತನದಲ್ಲಿ ಬಿಗಿ. ಚಚ್ಚಿ ಸಾಬೂನು ಹಚ್ಚಿ ಒಂದೊಂದೇ ಬಳೆ ಜಾರಿಸಿ ತೆಗೆದಳು, ಒಂದನ್ನೂ ಒಡೆಯಲಿಲ್ಲ. ಬಿಳಿ ಓಢಣಿ ಹೊದಿಸಿದಳು.

"ಇದ ಕೋಣ್ಯಾಗ ನಾನೂ ಕುಂತಿದ್ದೆ ಬೇಟಿ," ಎಂದಳು. "ಕಷ್ಟ ಏನಿಲ್ಲ. ಹೊರಗಿನ ಮಾತ ಒಳಗ ಬರಗೊಡಬ್ಯಾಡ. ಇಷ್ಟ ದಿನಾ ಅವನಿಗೆ ಕೊಡೂದು. ಜಗಳದ ಕಾಗದಾ ಮುಟ್ಟಬ್ಯಾಡ."

ಇದರಲ್ಲಿ ಮಗನ ಲಾಭ ನೋಡಿದಳೇನೋ ಎಂದು ಆಮೇಲೆ ಒಬ್ಬಿಬ್ಬರು ನನ್ನನ್ನು ಕೇಳಿದರು. ನನಗೆ ಹಾಗೆ ಕಾಣಲಿಲ್ಲ. ದಿನಾ ಮಧ್ಯಾಹ್ನ ರೊಟ್ಟಿ, ಪಲ್ಯ ಮುಚ್ಚಿಕೊಂಡು ಮಳೆಯಲ್ಲೇ ಬರುತ್ತಿದ್ದಳು, ನಾನು ತಿನ್ನುವವರೆಗೆ ಕುಳಿತಿರುತ್ತಿದ್ದಳು. ಮಗನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ.

ಮೊದಲ ತಿಂಗಳು ಮುಗಿಯುವ ಮುಂಚೆ ನಮ್ಮ ವಕೀಲರು ಮಾತಾಡಿಸಿಕೊಂಡು ಹೋಗಲು ಬಂದರು. ಪಡಸಾಲೆಯಲ್ಲಿ ಅವರು, ಪರದೆಯ ಹಿಂದೆ ನಾನು.

"ಅಕ್ಕಾರ, ಹೇಳಬಾರದ ಹೊತ್ತಿನ್ಯಾಗ ಹೇಳಾಕತ್ತೇನಿ," ಎಂದರು. "ಸುಳ್ಳ ದಾವೆ ಅಂತ ಖರ್ಚ ಹಾಕ್ಯಾರಲ್ಲ, ಅದರ ಮ್ಯಾಲ ಅಪೀಲ ಮಾಡೂದಿದ್ರ ತಿಂಗಳೊಪ್ಪತ್ತಿನೊಳಗ ಮಾಡಬೇಕು. ಅವಧಿ ಮೀರಿದ್ರ ಕಷ್ಟ. ವಕಾಲತ್ತಿಗೆ ಸಹಿ ಹಾಕಿ ಕೊಡ್ತೀರೇನು?"

ಚಚ್ಚಿ ನನ್ನ ಪಕ್ಕದಲ್ಲಿ ಕುಳಿತಿದ್ದಳು, ತಸಬಿಯ ಮಣಿ ಎಣಿಸುತ್ತ. ಅವಳು ತಲೆ ಎತ್ತಲಿಲ್ಲ.

"ನಾ ಕುಂತೇನ್ರಿ ಸಾಹೇಬರ. ಎದ್ದ ಮ್ಯಾಲ ಬರ್ತೇನಿ."

"ಆಗ ಬಾಗಲಾ ಮುಚ್ಚಿರತೈತ್ರಿ."

"ಬಡೀತೇನಿ."

ಹಾಗೆ ಹೇಳಿದ್ದು ಧೈರ್ಯದಿಂದಲ್ಲ. ಆ ದಿನಗಳಲ್ಲಿ ಇವರ ಹೆಸರು ಬರೆದ ಯಾವ ಕಾಗದ ಕಂಡರೂ ಮಡಚಿ ದೂರ ಇಡುತ್ತಿದ್ದೆ. ಇರಲಿ, ಹೇಳಿದೆ.

ಆ ಮಳೆಗಾಲವನ್ನು ನಾನು ಕಿವಿಯಿಂದ ಕಳೆದೆ. ಪುನರ್ವಸು ಹೆಂಚಿನ ಮೇಲೆ ಒಂದೇ ಸಮನೆ ಸುರಿಯಿತು. ಮಘೆಯಲ್ಲಿ ಎಲ್ಲೆಲ್ಲೋ ಗುಡುಗಿತು. ಕೊಯ್ಯುವ ಆಳುಗಳನ್ನು ಶಾಂತವ್ವನೇ ಹಚ್ಚಿದಳು. ಕೊಯ್ದ ಎಲೆ ಬುಟ್ಟಿಯಲ್ಲಿ ಒಳಕೋಣೆಗೆ ಬರುತ್ತಿತ್ತು. ಕೊಳೆತದ್ದು ತೆಗೆದು, ತೊಟ್ಟು ಒಂದು ಕಡೆ ಮಾಡಿ ಅಡುಕಿ, ಪೆಂಡಿ ಕಟ್ಟಿ, ಒದ್ದೆ ಗೋಣಿಯಲ್ಲಿ ಮುಚ್ಚಿಡುತ್ತಿದ್ದೆ. ಬೆಳಿಗ್ಗೆ ಶಾಂತವ್ವ ಹೊತ್ತುಕೊಂಡು ಹಾನಗಲ್ಲಿಗೋ ಅಕ್ಕಿಆಲೂರಿಗೋ ಬಸ್ಸು ಹತ್ತುವಳು. ಸಂತೆಯ ಸುದ್ದಿಯನ್ನೆಲ್ಲ ಹೊಸ್ತಿಲ ಆಚೆ ನಿಂತು ಹೇಳುವಳು, ಚಚ್ಚಿ ಬೈಯುವಳು, ಅವಳು ನಗುವಳು.

"ಆ ದುಂಡಶಿ ಊರಾಂವ ನಿನ್ನಿ ಸಂತ್ಯಾಗ ನನ್ನ ಎಲಿ ನೋಡಿ, ಇದೇನವಾ ಪೆಂಡಿ ಇಷ್ಟ ಸಣ್ಣದು ಅಂದಾ. ನಮ್ಮ ಜೈತೂನಕ್ಕ ಅಡುಕಿದ್ದು, ಉಸರ ಬಿಡದಂಗ ಅಡುಕ್ತಾಳು, ನಿನ್ನ ಹೆಂಡತಿ ಅಡುಕಿದಂಗ ಅಲ್ಲ ಅಂದೆ. ಸುಮ್ನ ರೊಕ್ಕಾ ಕೊಟ್ಟ ಹೋದಾ."

ಒಂದು ದಿನ ರೇಷನ್ ಅಂಗಡಿಯವರು ಬಂದರು. ಕಾರ್ಡಿನಲ್ಲಿ ಈಗ ನಾನೊಬ್ಬಳೇ, ನನ್ನ ಹೆಬ್ಬೆಟ್ಟೇ ಬೇಕು. ಯಂತ್ರವನ್ನು ಪಡಸಾಲೆವರೆಗೆ ತಂದರು, ಅಲ್ಲಿ ನೆಟ್‌ವರ್ಕ್ ಹಿಡಿಯಲಿಲ್ಲ. ನಾನು ಓಢಣಿ ಮುಖಕ್ಕೆ ಎಳೆದುಕೊಂಡು ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಅಂಗಳದಲ್ಲಿ ಬೆರಳು ಒತ್ತಿ ಒಳಗೆ ಬಂದೆ. ಅದೊಂದು ಸಲ.

ಸ್ವಾತಿ ಮಳೆಯ ಹೊತ್ತಿಗೆ ಇದ್ದತ್ತು ಮುಗಿಯಿತು. ಚಚ್ಚಿಯೇ ಬಂದು ಎಬ್ಬಿಸಿದಳು. ಬಣ್ಣದ ಸೀರೆ ಉಡಿಸಿ, ಕೈಹಿಡಿದು ಬಾಗಿಲ ಹೊರಗೆ ತಂದು ಬಿಟ್ಟಳು. ಬಿಸಿಲು ಕಣ್ಣಿಗೆ ಚುಚ್ಚಿತು. ಮರುದಿನ ನಾನೂ ಶಾಂತವ್ವನೂ ವಕೀಲರ ಆಫೀಸಿಗೆ ಹೋದೆವು.

ವಕೀಲರು ಒಳ್ಳೆಯವರು. ನನ್ನ ಗಂಡನಿಗೆ ಮರ್ಯಾದೆ ಕೊಟ್ಟವರು. ಅವರು ಹೇಳಿದ್ದು ಇಷ್ಟು: ಅಪೀಲಿನ ಜೊತೆ ಇನ್ನೊಂದು ಅರ್ಜಿ ಹಾಕಬೇಕು, ತಡವಾದದ್ದನ್ನು ಮನ್ನಿಸಿ ಒಳಗೆ ಬಿಡಿ ಎಂದು. ಯಾಕೆ ತಡವಾಯಿತು ಎನ್ನುವುದಕ್ಕೆ ತಕ್ಕ ಕಾರಣ ಬೇಕು. ಕಾರಣ ಒಪ್ಪಿಗೆಯಾದರೆ ಮಾತ್ರ ಅಪೀಲು ಕೇಳುತ್ತಾರೆ, ಇಲ್ಲದಿದ್ದರೆ ಅದನ್ನು ತೆರೆದೂ ನೋಡುವುದಿಲ್ಲ.

"ಕಾರಣ ಐತಲ್ರಿ, ಇದ್ದತ್ತು," ಎಂದೆ.

ಅವರು ಪೆನ್ನಿನ ತುದಿಯಿಂದ ಹಣೆ ಕೆರೆದರು. "ಅದನ್ನೂ ಬರಿಯೂಣು. ಆದ್ರ ಅದೊಂದ ಸಾಲೂದಿಲ್ಲ ಅಕ್ಕಾರ. ಮನ್ಯಾಗ ಕುಂತ ಸಹಿ ಮಾಡಬಹುದಿತ್ತಲ್ಲ ಅಂತಾರ. ಒಬ್ಬ ಡಾಕ್ಟರ ಕಡೆ ಅರಿಷಿಣ ಕಾಮಣಿ ಆಗಿತ್ತು ಅಂತ ಸರ್ಟಿಫಿಕೇಟ್ ಬರಸೂಣು. ಮತ್ತ, ಅವಧಿ ಐತಿ ಅನ್ನೂದು ನಿಮಗ ಗೊತ್ತ ಇರಲಿಲ್ಲ ಅಂತ ಹೇಳ್ರಿ. ಎಲ್ಲಾರೂ ಹಂಗ ಹಚ್ಚತಾರ."

ಶಾಂತವ್ವ ಬಾಯಿಗೆ ಸೆರಗು ಹಿಡಿದಳು. "ಅದಕ್ಕರೀ ಸಾಹೇಬರ ಕೋರ್ಟಿನ ಗೋಡಿ ಎಲ್ಲಾ ಹಳದಿ ಇರೂದು!"

"ನೀ ಸುಮ್ಮನಿರವಾ."

ನನಗೆ ನಗು ಬರಲಿಲ್ಲ. "ನೀವ ಬಂದ ಹೇಳಿದ್ರಲ್ರಿ ಅವಧಿ ಐತಿ ಅಂತ," ಎಂದೆ. "ನಾ ಪರದೇ ಹಿಂದ ಕುಂತ ಕೇಳೇನಿ."

"ಅದು ನಿಮಗ ನನಗ ಗೊತ್ತು."

"ಥೇಟ ಹಂಗ ಹೇಳಿದ್ರು ನಮ್ಮವರೂ, ನಿನಗ ಗೊತ್ತಿದ್ರ ಏನಾತು ಅಂತ. ಸಾಹೇಬರ, ಸುಳ್ಳಾ ಹೇಳ್ಯಾರ ಅಂತ ಬರದದ್ದಕ್ಕ ನಾ ಬಂದದ್ದು. ಕಾಮಣಿ ಹಚ್ಚಿಕೊಂಡ ಹ್ಯಾಂಗ ಬರ್ಲಿ?"

"ಖರೇನ ಬರದ್ರ ವಜಾ ಆಗಬಹುದ್ರಿ. ಆದ ಮ್ಯಾಲ ನನ್ನ ಬೈಬಾರದು."

"ಬೈಯೂದಿಲ್ಲ. ಖರೇ ಬರೀರಿ."

ಅವರು ಕಾಗದ ಎಳೆದುಕೊಂಡು, ಮೊದಲಿನಿಂದ ಹೇಳಿ, ನಿಧಾನ ಹೇಳಿ, ಎಂದರು. ದಾರಿಯ ಮಾತು ಬೇಡ, ದಾರಿ ತೆರೆದಿದೆ, ಸುಳ್ಳು ದಾವೆ ಎಂಬ ಮಾತಿನ ಮೇಲೆ ಮತ್ತು ಅದರಿಂದ ಬಂದ ಖರ್ಚಿನ ಮೇಲೆ ಮಾತ್ರ ಅಪೀಲು ಎಂದು ಅವತ್ತೇ ತೀರ್ಮಾನವಾಯಿತು.

ತೀರಿಹೋದವರ ಪರವಾಗಿ ಮಗಳ ಸಹಿಯೂ ಬೇಕಿತ್ತು. ಶಬಾನಾಳನ್ನು ಹಿರೇಕೆರೂರಿಗೆ ಕೊಟ್ಟಿದ್ದೇವೆ. ಅಳಿಯ ಗೋವಿನಜೋಳದ ವ್ಯಾಪಾರ ಮಾಡುತ್ತಾನೆ. ನಾನು ಹೋದಾಗ ಮನೆಯ ಮುಂದೆ, ರಸ್ತೆಯ ಅರ್ಧದವರೆಗೂ ಕಾಳು ಹರವಿದ್ದರು. ಮಗಳು ಬರಿಗಾಲಿನಿಂದ ಕಾಳನ್ನು ಕೆದರುತ್ತ ಅಡ್ಡಾಡುತ್ತಿದ್ದಳು. ಅವಳು ತಂದೆಯ ಮುದ್ದಿನವಳು. ಅದಕ್ಕೇ ಅವಳಿಗೆ ಆ ಸುದ್ದಿಯೇ ಬೇಡವಾಗಿತ್ತು.

"ಇಮಾಮ ಚಾಚಾ ದಾರಿ ಬಿಟ್ಟಾನಲ್ಲಮ್ಮಾ. ಆ ರೊಕ್ಕಾ ನಮ್ಮವರ ತುಂಬತಾರಂತ. ಮತ್ಯಾಕ ಕೋರ್ಟ ಕಟ್ಟಿ ಹತ್ತತೀ ಈ ವಯಸ್ಸಿನ್ಯಾಗ?"

"ತುಂಬಿದ್ರ ಏನ ಆಗತೈತಿ ಗೊತ್ತೇನು? ನಿಮ್ಮಬ್ಬಾ ಸುಳ್ಳಾ ಹೇಳ್ಯಾರ ಅಂತ ನಾವೂ ಒಪ್ಪಿದಂಗ."

"ಯಾರ ಓದತಾರಮ್ಮಾ ಅದನ್ನ?"

"ಅವರು ಓದಿ ಹೋಗ್ಯಾರ."

ಅವಳು ತಿರುಗಿ ರಸ್ತೆಯ ಆ ತುದಿಯವರೆಗೆ ಕಾಳು ಕೆದರುತ್ತ ಹೋದಳು. ಒಂದು ಲಾರಿ ಬಂತು, ಚಾಲಕನಿಗೆ ಸಿಟ್ಟಿನಿಂದ ಕೈ ಮಾಡಿ ಆಚೆ ಕಳಿಸಿದಳು. ಹಿಂದಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ಅಂಗೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು, "ಎಲ್ಲಿ ಹಾಕಲಿ?" ಎಂದಳು.

ಅರ್ಜಿ ಹಾವೇರಿಯ ಮೇಲಿನ ಕೋರ್ಟಿಗೆ ಹೋಯಿತು. ಇಮಾಮನಿಗೆ ನೋಟಿಸು ಮುಟ್ಟಿತು. ಅವನ ಕಡೆಯಿಂದ ತಕರಾರು ಬಂತು. ನಮ್ಮ ವಕೀಲರು ಅದನ್ನು ಓದಿ ಹೇಳುತ್ತಿದ್ದಾಗ ಒಂದು ಕಡೆ ನಾನು ತಡೆದೆ. "ಅರ್ಜಿದಾರಳು ಇದ್ದತ್ ಆಚರಿಸಿದ್ದಳು ಎಂಬುದನ್ನು ಎದುರುದಾರನು ಒಪ್ಪುವುದಿಲ್ಲ" ಎಂದಿತ್ತು. ಮತ್ತೆ ಓದಿಸಿದೆ. ಹಾಗೆಯೇ ಇತ್ತು.

"ಇದು ವಕೀಲರ ರೂಢಿ, ಎಲ್ಲಾನೂ ಒಪ್ಪೂದಿಲ್ಲ ಅಂತ ಬರಿಯೂದು. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು.

ನಾನು ಹಚ್ಚಿಕೊಂಡೆ. ಮನೆಗೆ ಬಂದು ಚಚ್ಚಿಗೆ ಹೇಳಬಾರದೆಂದುಕೊಂಡಿದ್ದೆ. ಶಾಂತವ್ವ ಹೇಳಿಬಿಟ್ಟಳು. ಚಚ್ಚಿ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ನನ್ನ ಕೈಲೆ ಓಢಣಿ ಹೊದಿಸೇನಿ. ನನ್ನ ಕೈಲೆ ಬಳಿ ತಗದೇನಿ. ನನ್ನ ಮಗಾ ಒಪ್ಪೂದಿಲ್ಲಂತೇನು?"

ಆ ಸಂಜೆ ಅವರ ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಎರಡೂ ಮನೆಗಳ ನಡುಗೋಡೆಯ ಆಚೆ ಚಚ್ಚಿಯ ದನಿ ಕೇಳಿತು, ಇಮಾಮನ ದನಿ ಕೇಳಲಿಲ್ಲ.

ನನ್ನ ಹೇಳಿಕೆ ತೆಗೆದುಕೊಳ್ಳುವ ದಿನ ಥಂಡಿ ಇತ್ತು. ನಾನೂ ಶಾಂತವ್ವನೂ ಹೊರಟು ನಿಂತರೆ ಬಸ್‌ಸ್ಟ್ಯಾಂಡಿನಲ್ಲಿ ಚಚ್ಚಿ ಮೊದಲೇ ಕುಳಿತಿದ್ದಾಳೆ, ಕೈಯಲ್ಲಿ ಆಧಾರ್ ಕಾರ್ಡು ಹಿಡಿದುಕೊಂಡು.

"ಎಲ್ಲಿಗ್ರೀ ದೊಡ್ಡವರು?" ಎಂದಳು ಶಾಂತವ್ವ.

"ಹೆಣಮಕ್ಕಳಿಗೆ ಬಸ್ಸ ಪುಕ್ಕಟ ಐತಂತಲ್ಲ. ಹಾವೇರಿ ನೋಡೂಣಂತ ಬಂದೆ."

"ಬಸ್ಸ ಪುಕ್ಕಟ ಐತಿ. ಹಾವೇರ್ಯಾಗ ನೋಡೂದೇನ ಐತಿ, ವಕೀಲರ ಕರಿ ಕೋಟ."

"ಅದನ್ನ ನೋಡ್ತೇನಿ ತಗೋ."

ಅವಳನ್ನು ಸಾಕ್ಷಿಗೆ ಯಾರೂ ಕರೆದಿರಲಿಲ್ಲ. ಕೋರ್ಟಿನ ವರಾಂಡದ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಬಂದು ಕುಳಿತಳು. ತನ್ನ ಶಾಲಿನ ಅರ್ಧವನ್ನು ನನಗೂ ಹೊದಿಸಿದಳು. ಇಮಾಮ ಬಂದವನು ತಾಯಿಯನ್ನು ಕಂಡು ನಿಂತ. ಅವಳು ಅವನನ್ನೇ ನೋಡಿದಳು. ಅವನು ತನ್ನ ವಕೀಲರ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದ. ವಕೀಲರು ತಿರುಗಿ ಬೆಂಚಿನ ಕಡೆ ಒಮ್ಮೆ ನೋಡಿದರು. ಅಂದು ಒಳಗೆ, ನೀವು ಇದ್ದತ್ತು ಕುಳಿತೇ ಇಲ್ಲ ಎಂಬ ಮಾತನ್ನು ಅವರು ಎತ್ತಲಿಲ್ಲ.

ಬೇರೆ ಪ್ರಶ್ನೆಗಳನ್ನು ಕೇಳಿದರು. ನಾನು ಕಟ್ಟೆಯ ಕಟಕಟೆ ಹಿಡಿದುಕೊಂಡು ನಿಂತಿದ್ದೆ.

"ಆ ದಿನಗಳಲ್ಲಿ ನೀವು ಮನೆಯಿಂದ ಹೊರಗೆ ಬಂದು ರೇಷನ್ನಿಗೆ ಹೆಬ್ಬೆಟ್ಟು ಕೊಟ್ಟಿದ್ದೀರಿ. ಹೌದೋ ಅಲ್ಲವೋ?"

"ಹೌದ್ರಿ. ಮೆಟ್ಟಲಾ ಇಳದ ಅಂಗಳಕ್ಕ ಬಂದಿದ್ದೆ. ಒಂದ ಸಲ."

"ಎಲೆ ವ್ಯಾಪಾರವನ್ನೂ ಮಾಡಿದ್ದೀರಿ."

"ಒಳಗ ಕುಂತ ಪೆಂಡಿ ಕಟ್ಟೇನ್ರಿ. ಮಾರಿದ್ದು ಶಾಂತವ್ವ."

"ಅಂದಮೇಲೆ ಮನೆಯಲ್ಲೇ ಕುಳಿತು ಒಂದು ಸಹಿಯನ್ನೂ ಮಾಡಬಹುದಿತ್ತು."

"ಮಾಡಬಹುದಿತ್ರಿ."

ನಮ್ಮ ವಕೀಲರು ತಲೆ ಕೆಳಗೆ ಹಾಕಿದ್ದು ಕಂಡಿತು.

"ಅಪೀಲಿಗೆ ಅವಧಿ ಇದೆ ಎಂಬುದು ಗೊತ್ತಿತ್ತೋ?"

"ಗೊತ್ತಿತ್ರಿ. ವಕೀಲ ಸಾಹೇಬರು ಮನಿಗೆ ಬಂದ ಹೇಳಿದ್ದರು."

ಎದುರಿನ ವಕೀಲರು ಇನ್ನೇನೂ ಕೇಳುವುದಿಲ್ಲ ಎಂದು ಕುಳಿತುಬಿಟ್ಟರು. ಅವರ ಮುಖದಲ್ಲಿ ಕೆಲಸ ಮುಗಿದ ಗೆಲುವು ಇತ್ತು. ಟೈಪು ಮಾಡುವವರ ಬೆರಳೂ ನಿಂತಿತು. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಅಮ್ಮಾ, ಗೊತ್ತಿದ್ದೂ ಯಾಕೆ ಬರಲಿಲ್ಲ?"

ನಾನು ಈ ಪ್ರಶ್ನೆಗೆ ಉತ್ತರ ಕಲಿತು ಬಂದಿರಲಿಲ್ಲ. ಬೇಗ ಹೇಳಿದರೆ ತಪ್ಪು ಹೇಳುತ್ತೇನೆ ಎನಿಸಿ ಸ್ವಲ್ಪ ತಡೆದೆ. ಅವರೂ ಕಾದರು.

"ಸಾಹೇಬರ, ಅವರ ಸಲುವಾಗಿ ಕುಂತಿದ್ದೆ. ಈ ಅಪೀಲೂ ಅವರ ಸಲುವಾಗಿನ. ಕುಂತದ್ದನ್ನ ನಡುವ ಬಿಟ್ಟ ಬರಾಕ ಆಗಲಿಲ್ರಿ. ಅದನ್ನ ಮುಗಿಸಿ ಮರದಿನಾನ ವಕೀಲರ ಬಾಗಲಕ್ಕ ಹೋಗೇನಿ. ತಡಾ ಆಗೇತಿ, ಖರೆ. ಅವಧಿ ಮರತ ಕುಂತಾಕಿ ಅಲ್ರಿ ನಾ."

ಅವರು ಅದನ್ನು ನಾನು ಹೇಳಿದ ಮಾತಿನಲ್ಲೇ ಬರೆಸಿದರು. ಬರೆದದ್ದನ್ನು ನನಗೆ ಓದಿ ಹೇಳಿಸಿದರು. ನಾನು ಸಹಿ ಮಾಡಿದೆ.

ಹೊರಗೆ ಬಂದಾಗ ವಕೀಲರು ನಮ್ಮನ್ನು ಚಹಾಕ್ಕೆ ಕರೆದುಕೊಂಡು ಹೋದರು. ಚಹಾದ ಅಂಗಡಿಯಲ್ಲಿ ಅರ್ಧ ಕಪ್ಪು ಕುಡಿದ ಮೇಲೆ, "ಇಷ್ಟ ವರ್ಷದ ವಕೀಲಕಿಯೊಳಗ ಎದುರಿನವರ ಕೆಲಸಾ ಇಷ್ಟ ಹಗೂರ ಮಾಡಿದ ಕಕ್ಷಿದಾರರನ್ನ ನಾ ನೋಡಿಲ್ರಿ," ಎಂದರು. ಸಿಟ್ಟೋ ತಮಾಷೆಯೋ ತಿಳಿಯಲಿಲ್ಲ. ಚಹಾದ ದುಡ್ಡು ನನಗೆ ಕೊಡಗೊಡಲಿಲ್ಲ.

ಆದೇಶಕ್ಕೆ ಎರಡು ಸಲ ತಾರೀಖು ಮುಂದೆ ಹೋಯಿತು. ಆ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದು ತೋಟಕ್ಕೆ ಹೋಗಿ ದುಡಿದೆ. ಬಳ್ಳಿ ಇಳಿಸುವ ಕಾಲ ಅದು. ಹಳೆಯ ಬಳ್ಳಿಯನ್ನು ಗಿಡದಿಂದ ಬಿಡಿಸಿ, ಬುಡಕ್ಕೆ ಸುತ್ತಿ ಮಣ್ಣು ಕೊಡಬೇಕು, ಮತ್ತೆ ಚಿಗುರಲಿ ಎಂದು. ವಜಾ ಆದರೆ ಮುಂದೇನು ಎಂದು ಒಂದು ದಿನ ಶಾಂತವ್ವ ಕೇಳಿದಳು. ಅದರ ಮೇಲೂ ಒಂದು ಕೋರ್ಟು ಇದೆಯಂತೆ, ಧಾರವಾಡದಲ್ಲಿ, ಎಂದೆ. "ಬಸ್ಸಂತೂ ಪುಕ್ಕಟ ಐತಿ," ಎಂದಳು.

ಆದೇಶದ ದಿನ ನಾವು ಒಳಗೆ ಹಿಂದಿನ ಸಾಲಿನಲ್ಲಿದ್ದೆವು. ನ್ಯಾಯಾಧೀಶರು ನಾಲ್ಕೇ ಮಾತಿನಲ್ಲಿ ಮುಗಿಸಿದರು, ನನಗೆ ತಿಳಿಯಲೇ ಇಲ್ಲ. ವಕೀಲರು ಹೊರಗೆ ಕರೆದುಕೊಂಡು ಬಂದು ಬಿಡಿಸಿ ಹೇಳಿದರು. ತಡವನ್ನು ಮನ್ನಿಸಿದ್ದಾರೆ. ತಡದಿಂದ ಎದುರಿನವರಿಗೆ ಆದ ತೊಂದರೆಗೆ ಒಂದಿಷ್ಟು ಖರ್ಚು ಕೊಡಬೇಕು, ಕೊಟ್ಟ ಮೇಲೆ ಅಪೀಲು ದಾಖಲಾಗುತ್ತದೆ. ಕಾರಣದ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳಿದೆ. ಅವರು ಹಾಳೆ ತಿರುವಿ, ಬೆರಳಿಟ್ಟು ಓದಿದರು: ಅರ್ಜಿದಾರಳು ತನಗೆ ಪ್ರತಿಕೂಲವಾದದ್ದನ್ನೂ ಮುಚ್ಚಿಡದೆ ನುಡಿದಿದ್ದಾಳೆ, ಆಕೆಯ ಮಾತನ್ನು ನಂಬದಿರಲು ಕಾರಣ ಕಾಣುವುದಿಲ್ಲ.

ಆ ಸಾಲನ್ನು ಇನ್ನೊಮ್ಮೆ ಓದಿಸಿದೆ. ಅದು ನನ್ನ ಬಗ್ಗೆ. ನನಗೆ ಬೇಕಾದದ್ದು ಅವರ ಬಗ್ಗೆ. ಅದು ಇನ್ನೂ ಮುಂದಿದೆ ಎಂದುಕೊಂಡೆ.

ಸವಣೂರಿಗೆ ಹೋಗುವ ಬಸ್ಸಿನಲ್ಲಿ ಇಮಾಮನೂ ಹತ್ತಿದ. ಸೀಟು ಇರಲಿಲ್ಲ, ನಮ್ಮ ಸೀಟಿನ ಕಂಬಿ ಹಿಡಿದು ನಿಂತ. ಬಹಳ ದೂರ ಬಂದ ಮೇಲೆ ಬಗ್ಗಿ, "ಗೆದ್ದಿ ಭಾಬಿ," ಎಂದ.

"ಗೆದ್ದಿಲ್ಲೋ. ಒಳಗ ಬಾ ಅಂದಾರ, ಅಷ್ಟ."

"ಆ ಖರ್ಚಿನ ರೊಕ್ಕಾ ನನಗ ಬ್ಯಾಡ."

"ಅದನ್ನ ನೀ ತೊಗೋಬೇಕು. ಕೋರ್ಟ ಹೇಳೇತಿ. ತಡಾ ಮಾಡಿದ್ದು ನಾ, ಅದಕ್ಕ ಕೊಡ್ತೇನಿ. ಆ ಮೊದಲಿಂದು ಕೊಡೂದಿಲ್ಲ."

ಅವನು ಕಿಟಕಿಯ ಆಚೆ ನೋಡಿದ. ಹತ್ತಿಯ ಹೊಲಗಳು ಹೋಗುತ್ತಿದ್ದವು. "ನನಗ ವಕೀಲರು ಕೇಳಿದ್ದು, ಅಲ್ಲಿಂದ ಬಾವಿಗೆ ಹೋಗಬಹುದೋ ಇಲ್ಲೋ ಅಂತ. ಹೋಗಬಹುದು ಅಂದೆ. ಅಲ್ಲಿ ಗೋರಿ ಅದಾವು ಅಂತ ಯಾರೂ ಕೇಳಲಿಲ್ಲ ಭಾಬಿ."

"ಯಾರೂ ಕೇಳಲಿಲ್ಲ, ಖರೆ," ಎಂದೆ. "ಈ ಸಲ ಕೇಳತಾರ."

ಇಳಿಯುವಾಗ ನನ್ನ ಚೀಲವನ್ನು ಎತ್ತಿ ಕೆಳಗೆ ಕೊಟ್ಟ.

ಖರ್ಚು ಕಟ್ಟಿದೆ. ಅಪೀಲಿಗೆ ನಂಬರು ಬಿತ್ತು. ಅದರ ವಾದ ಇದನ್ನು ಬರೆಯುವವರೆಗೂ ಆಗಿಲ್ಲ. ತಾರೀಖು ಬರುತ್ತವೆ, ನಾನು ಹೋಗುತ್ತೇನೆ. ಗೋರಿಗಳ ಫೋಟೋ ತೆಗೆಸಿ ಕೊಟ್ಟಿದ್ದೇವೆ, ಜಾಗವನ್ನು ಇನ್ನೊಮ್ಮೆ ನೋಡಿಸಿ ಎಂದು ವಕೀಲರು ಕೇಳಿಕೊಂಡಿದ್ದಾರೆ. ಏನಾಗುತ್ತದೋ ಹೇಳಲಾರೆ.

ಅಪೀಲಿನ ಮೊದಲ ತಾರೀಖಿನ ದಿನವನ್ನು ಮಾತ್ರ ಬರೆದು ಮುಗಿಸುತ್ತೇನೆ. ವರಾಂಡದಲ್ಲಿ ಜನ ಕಿಕ್ಕಿರಿದಿದ್ದರು. ಬಾಗಿಲಲ್ಲಿ ನಿಂತ ಬೇಲೀಫ ಒಂದೊಂದೇ ಪ್ರಕರಣದ ಹೆಸರು ಕೂಗುತ್ತಿದ್ದ. ಮೇಲ್ಮನವಿದಾರರಲ್ಲಿ ನಮ್ಮವರೂ ಒಬ್ಬರೆಂದು, ತೀರಿದ್ದಾರೆ, ವಾರಸುದಾರರಿದ್ದಾರೆ ಎಂದು ಕಾಗದದಲ್ಲಿ ಬರೆದಿತ್ತು. ಅವನು ಅದನ್ನೆಲ್ಲ ಎಲ್ಲಿ ಓದುತ್ತಾನೆ. ಮೊದಲ ಹೆಸರನ್ನಷ್ಟೇ ಎತ್ತಿ, ಕಟ್ಟಡದ ಆ ತುದಿಗೂ ಮುಟ್ಟುವಂತೆ ಕೂಗಿದ: "ಖಾದರಸಾಬ ಇದ್ದಾರೇನ್ರೀ? ಖಾದರಸಾಬ! ಖಾದರಸಾಬ!"

ಅವರು ಹೋದ ಮೇಲೆ ಅವರ ಹೆಸರನ್ನು ಅಷ್ಟು ಜೋರಾಗಿ ಯಾರೂ ಕರೆದಿರಲಿಲ್ಲ. ಮನೆಯಲ್ಲಿ ನಾವೆಲ್ಲ ದನಿ ತಗ್ಗಿಸಿಯೇ ಆ ಹೆಸರು ಆಡುತ್ತಿದ್ದೆವು. ನಾನು ಬೆಂಚಿನಿಂದ ಎದ್ದೆ. ಜನ ದಾರಿ ಬಿಟ್ಟರು.

"ಇದ್ದೇವ್ರಿ," ಎಂದೆ, ಒಳಗೆ ಹೋದೆ.